ಇರುವೆಯ ಸಾಲು ಮತ್ತು ಶ್ರಾವಕನ ಮನೆ
(ಕೊಲ್ಲದೆ ದೂರವಿರಿಸುವ ಉಪಾಯಗಳು)

ಜೈನ ಗೃಹಸ್ಥನ ಅಹಿಂಸಾಣುವ್ರತದ ನಿಜವಾದ ಪರೀಕ್ಷೆಯು ಪ್ರತಿದಿನ ಅವನ ಅಡುಗೆಮನೆಯಲ್ಲಿಯೇ ನಡೆಯುತ್ತದೆ. ಸಿಂಹ, ವ್ಯಾಘ್ರಗಳನ್ನು ಕೊಲ್ಲುವ ಪ್ರಸಂಗ ಯಾವ ಶ್ರಾವಕನಿಗೂ ಬರುವುದಿಲ್ಲ. ಆದರೆ ಬೆಳಗಿನ ಚಹಾಕ್ಕೆ ಸಕ್ಕರೆಯ ಡಬ್ಬಿ ತೆರೆದಾಗ ಅದರಲ್ಲಿ ನೂರಾರು ಇರುವೆಗಳು ಕಾಣಿಸುವ ಪ್ರಸಂಗ ಎಲ್ಲರ ಮನೆಯಲ್ಲಿಯೂ ಬರುತ್ತದೆ. ಆ ಕ್ಷಣದಲ್ಲಿ ಕೈ ಏನು ಮಾಡುತ್ತದೆ ಎಂಬುದರಲ್ಲಿಯೇ ವ್ರತದ ಸತ್ವ ಅಡಗಿದೆ.

ಈ ಗಡಿಸೀಮೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಜೈನ ಮನೆಗಳಲ್ಲಿ ಒಂದೇ ಜೀವಿಗೆ ಹಲವು ಹೆಸರುಗಳಿವೆ. ಕನ್ನಡದ ಮನೆಯಲ್ಲಿ ಅದು ಇರುವೆ, ಮರಾಠಿಯ ಮನೆಯಲ್ಲಿ ಮುಂಗಿ, ಗುಜರಾತಿ ಮತ್ತು ಮಾರವಾಡಿ ಬಂಧುಗಳ ಮನೆಯಲ್ಲಿ ಕೀಡಿ. ಶಾಸ್ತ್ರಕಾರರು ಅದನ್ನು ಪಿಪೀಲಿಕಾ ಎಂದರು. ಭಾಷೆ ಯಾವುದಾದರೂ ಅದರ ವಿಷಯದಲ್ಲಿ ಪಾಲಿಸಬೇಕಾದ ಧರ್ಮ ಒಂದೇ ಆಗಿದೆ.

ಶಾಸ್ತ್ರದಲ್ಲಿ ಇರುವೆಯ ಸ್ಥಾನ

ಸಂಸಾರಿ ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಗೆ ಅನುಸಾರವಾಗಿ ಐದು ಬಗೆಯಾಗಿ ವಿಂಗಡಿಸಲಾಗಿದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಎರಡು, ಮೂರು, ನಾಲ್ಕು ಮತ್ತು ಐದು ಇಂದ್ರಿಯಗಳ ಜೀವಿಗಳಿಗೆ ಕ್ರಮವಾಗಿ ಹುಳು, ಇರುವೆ, ದುಂಬಿ ಮತ್ತು ಮನುಷ್ಯನನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. ಅಂದರೆ ಇರುವೆಯು ಸ್ಪರ್ಶನ, ರಸನ, ಘ್ರಾಣ ಎಂಬ ಮೂರು ಇಂದ್ರಿಯಗಳುಳ್ಳ ತ್ರೀಂದ್ರಿಯ ಜೀವಿ. ಈ ಮೂರು ಇಂದ್ರಿಯಗಳ ಜೊತೆಗೆ ಕಾಯಬಲ, ವಚನಬಲ, ಆಯು ಮತ್ತು ಶ್ವಾಸೋಚ್ಛ್ವಾಸಗಳು ಸೇರಿ ಅದಕ್ಕೆ 7 ಪ್ರಾಣಗಳಿವೆ.

ಅನೇಕ ಜಾತಿಯ ಇರುವೆಗಳಿಗೆ ಕಣ್ಣುಗಳೂ ಇವೆ ಎಂದು ಇಂದಿನ ವಿಜ್ಞಾನವು ಹೇಳುತ್ತದೆ. ಆದರೂ ಅವುಗಳ ಸಂಘಜೀವನವು ಬಹುಪಾಲು ಘ್ರಾಣದಿಂದಲೇ ನಡೆಯುತ್ತದೆ ಎಂಬುದನ್ನು ವಿಜ್ಞಾನಿಗಳೂ ಒಪ್ಪುತ್ತಾರೆ. ದಾರಿ, ಆಹಾರ, ಅಪಾಯ, ತನ್ನವರು, ಪರರು ಎಂಬುದೆಲ್ಲವನ್ನೂ ಅವು ವಾಸನೆಯಿಂದಲೇ ತಿಳಿಯುತ್ತವೆ. ಮುಂದೆ ಹೇಳುವ ಉಪಾಯಗಳಿಗೆಲ್ಲ ಈ ಒಂದು ಸಂಗತಿಯೇ ಕೀಲಿಕೈ.

ಆರಾಧನಾ ಪರಂಪರೆಯ ಕಥೆಗಳಲ್ಲಿ ಚಿಲಾತಪುತ್ರ ಮುನಿಯ ಶರೀರವನ್ನು ಇರುವೆಗಳು ಜರಡಿಯಂತೆ ಮಾಡಿದರೂ ಆತನು ಸಮಭಾವವನ್ನು ಬಿಡಲಿಲ್ಲವೆಂದು ಬರುತ್ತದೆ. ಚಿಲಾತಪುತ್ರನ ಕಥೆಯು ಕನ್ನಡದ ವಡ್ಡಾರಾಧನೆಯಲ್ಲಿಯೂ ಇದೆ. ಭೋಜ ಗ್ರಾಮದವರಾದ, 1955ರಲ್ಲಿ ಕುಂಥಲಗಿರಿಯಲ್ಲಿ ಸಮಾಧಿಸ್ಥರಾದ ಆಚಾರ್ಯ ಶಾಂತಿಸಾಗರ ಮಹಾರಾಜರು ಧ್ಯಾನದಲ್ಲಿದ್ದಾಗ ಇರುವೆಗಳು ಕಚ್ಚಿದರೂ ಅಲುಗಾಡಲಿಲ್ಲವೆಂಬ ಪ್ರಸಂಗವನ್ನು ಈ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಅದು ಮಹಾವ್ರತಿಗಳ ಮಾರ್ಗ. ಗೃಹಸ್ಥನಿಂದ ಅಂತಹ ಸಹನೆಯನ್ನು ಯಾರೂ ಕೇಳುವುದಿಲ್ಲ. ಅವನಿಂದ ಕೇಳುವುದು ಯತ್ನಾಚಾರ, ಅಂದರೆ ಎಚ್ಚರಿಕೆಯ ನಡೆ ಮಾತ್ರ.

ನಾಲ್ಕು ಬಗೆಯ ಹಿಂಸೆ, ಮೂರು ಬಗೆಯ ಹೊಣೆ

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ ಮತ್ತು ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳಲಾಗಿದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಅಡುಗೆ, ಕಸಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಕೃಷಿ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ಆಕ್ರಮಣದಿಂದ ತನ್ನನ್ನೂ ತನ್ನವರನ್ನೂ ರಕ್ಷಿಸುವಾಗ ಆಗುವುದು ವಿರೋಧೀ. ಇವುಗಳಲ್ಲಿ ಮೊದಲನೆಯದನ್ನು ಶ್ರಾವಕನು ಸಂಪೂರ್ಣವಾಗಿ ಬಿಡಬೇಕು, ಉಳಿದವುಗಳನ್ನು ಯತ್ನದಿಂದ ಕಡಿಮೆ ಮಾಡುತ್ತ ಬರಬೇಕು.

ಹಾಗಾದರೆ ಇರುವೆಯ ಸಾಲಿನ ಮೇಲೆ ವಿಷದ ಪುಡಿ ಉದುರಿಸುವುದು ಯಾವ ಬಗೆ? ‘ಮಗುವನ್ನು ಕಚ್ಚುತ್ತದೆ, ಆದ್ದರಿಂದ ಇದು ವಿರೋಧೀ’ ಎಂದು ಕೆಲವರು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಇರುವೆಯು ವೈರದಿಂದ ಮನೆಯೊಳಗೆ ಬಂದುದಲ್ಲ. ನೆಲದ ಮೇಲೆ ಬಿದ್ದ ಬೆಲ್ಲದ ಚೂರು ಅದನ್ನು ಕರೆದು ತಂದಿದೆ. ಚೂರನ್ನು ಬೀಳಿಸಿದವರು ಮನೆಯವರೇ. ಅಂಗಡಿಗೆ ಹೋಗಿ, ಹಣ ಕೊಟ್ಟು, ಕೊಲ್ಲುವ ವಸ್ತುವೆಂದು ತಿಳಿದೇ ತಂದು, ಸಾಲನ್ನು ಹುಡುಕಿ ಹಾಕುವಾಗ ಅಲ್ಲಿ ಸಂಕಲ್ಪವು ಸ್ಪಷ್ಟವಾಗಿಯೇ ಇದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಮೆಚ್ಚಿದ್ದು ಅನುಮೋದನ. ಮೂರರಿಂದಲೂ ಕರ್ಮಾಸ್ರವ ಉಂಟು. ಅನೇಕ ಮನೆಗಳಲ್ಲಿ ಯಜಮಾನಿಯು ತನ್ನ ಕೈಯಿಂದ ಒಂದು ಇರುವೆಯನ್ನೂ ಕೊಲ್ಲುವುದಿಲ್ಲ. ಆದರೆ ತಾನು ಬಸದಿಗೆ ಹೋಗಿರುವ ಹೊತ್ತಿನಲ್ಲಿ ಪುಡಿ ಹಾಕಿಬಿಡೆಂದು ಕೆಲಸದವಳಿಗೆ ಹೇಳಿ ಹೋಗುತ್ತಾಳೆ. ವಸತಿ ಸಂಕೀರ್ಣದಲ್ಲಿ ಔಷಧಿ ಸಿಂಪಡಿಸುವವರನ್ನು ಕರೆಯಿಸಲು ವಂತಿಗೆ ಕೊಟ್ಟು, ‘ಎಲ್ಲರೂ ಒಪ್ಪಿದರು’ ಎಂದು ಸುಮ್ಮನಾಗುತ್ತಾರೆ. ಕೈ ಬೇರೆಯವರದ್ದಾದರೆ ಪಾಪವೂ ಅವರದೇ ಎಂಬ ಲೆಕ್ಕವು ಜಿನಶಾಸನದಲ್ಲಿ ಇಲ್ಲ.

ಇರುವೆ ಏಕೆ ಬರುತ್ತದೆ?

ಜಗತ್ತಿನಲ್ಲಿ ಇದುವರೆಗೆ ಹೆಸರಿಸಲಾದ ಇರುವೆಯ ಜಾತಿಗಳು 14 ಸಾವಿರಕ್ಕೂ ಹೆಚ್ಚು. ಭಾರತದಲ್ಲಿಯೇ 800ಕ್ಕೂ ಹೆಚ್ಚು ಜಾತಿಗಳಿವೆ. ಇವುಗಳಲ್ಲಿ ಮನೆಯೊಳಗೆ ಬರುವವು ಕೆಲವೇ ಕೆಲವು. ಉಳಿದವು ಮಣ್ಣಿನಲ್ಲಿ, ಮರದಲ್ಲಿ, ಬಯಲಿನಲ್ಲಿ ತಮ್ಮ ಪಾಡಿಗೆ ತಾವು ಬಾಳುತ್ತವೆ.

ಆಹಾರ ಹುಡುಕುತ್ತ ಒಂಟಿಯಾಗಿ ತಿರುಗುವ ಇರುವೆಯೊಂದು ಸಕ್ಕರೆಯನ್ನೋ ಎಣ್ಣೆಯ ಜಿಡ್ಡನ್ನೋ ಕಂಡರೆ, ಗೂಡಿಗೆ ಮರಳುವಾಗ ತನ್ನ ಹೊಟ್ಟೆಯ ತುದಿಯಿಂದ ನೆಲದ ಮೇಲೆ ಗಂಧದ ಗೆರೆಯನ್ನು ಎಳೆಯುತ್ತ ಹೋಗುತ್ತದೆ. ಉಳಿದ ಇರುವೆಗಳು ಆ ಗೆರೆಯನ್ನು ಹಿಡಿದು ಬರುತ್ತವೆ. ಆಹಾರ ದೊರೆತರೆ ಅವೂ ಅದೇ ಗೆರೆಗೆ ಗಂಧವನ್ನು ಸೇರಿಸುತ್ತವೆ. ಹೀಗೆ ಅರ್ಧ ಗಂಟೆಯಲ್ಲಿ ಸಾಲು ಸಿದ್ಧವಾಗುತ್ತದೆ. ಆಹಾರ ತೀರಿದರೆ ಗಂಧ ಸೇರಿಸುವವರಿಲ್ಲದೆ ಗೆರೆಯು ಆರಿಹೋಗುತ್ತದೆ, ಸಾಲೂ ತಾನಾಗಿ ಕರಗುತ್ತದೆ.

ಮಳೆಗಾಲದಲ್ಲಿ ಗೂಡಿಗೆ ನೀರು ನುಗ್ಗಿದಾಗ ಇರುವೆಗಳು ಮೊಟ್ಟೆ ಮರಿಗಳನ್ನು ಹೊತ್ತು ಒಣನೆಲವನ್ನು ಹುಡುಕುತ್ತವೆ. ಬೇಸಿಗೆಯಲ್ಲಿ ನೀರಿನ ತೇವಕ್ಕಾಗಿ ನಲ್ಲಿಯ ಬುಡಕ್ಕೂ ಬಚ್ಚಲಿಗೂ ಬರುತ್ತವೆ. ಆಹಾರ, ನೀರು, ಆಶ್ರಯ ಇವು ಮೂರೇ ಕಾರಣಗಳು. ಕಾರಣವನ್ನು ತೆಗೆದರೆ ಕಾರ್ಯವು ನಿಲ್ಲುತ್ತದೆ.

ಕೊಂದರೂ ಹೋಗದ ಇರುವೆ

ಧರ್ಮದ ಮಾತನ್ನು ಒಂದು ಕ್ಷಣ ಬದಿಗಿಟ್ಟು ಲಾಭನಷ್ಟದ ಲೆಕ್ಕವನ್ನು ನೋಡಿದರೂ ಕೊಲ್ಲುವುದು ನಷ್ಟದ ವ್ಯಾಪಾರವೇ ಸರಿ. ಸಾಲಿನಲ್ಲಿ ಕಾಣುವವು ಗೂಡಿನ ಒಂದು ಪಾಲು ಮಾತ್ರ. ರಾಣಿ ಇರುವೆಯು ಒಳಗಿದ್ದು ಮೊಟ್ಟೆಯಿಡುತ್ತಲೇ ಇರುತ್ತದೆ. ಹೊರಗಿನವು ಸತ್ತರೆ ಅವುಗಳ ಜಾಗಕ್ಕೆ ಬೇರೆಯವು ಬರುತ್ತವೆ. ಮನೆಗಳಲ್ಲಿ ಕಾಣುವ ಅತಿ ಸಣ್ಣ ಹಳದಿ ಬಣ್ಣದ ಇರುವೆಗಳ ಒಂದು ಜಾತಿಯ ಮೇಲೆ ಔಷಧಿ ಸಿಂಪಡಿಸಿದರೆ, ಗೂಡು ಒಡೆದು ಒಂದಿದ್ದುದು ಹಲವಾಗಿ ಮನೆಯೆಲ್ಲ ಹರಡುತ್ತದೆ.

ವಿಷದ ಕಥೆಯೂ ಹಿರಿಯರಿಗೆ ಗೊತ್ತಿದೆ. ಒಂದು ಕಾಲದಲ್ಲಿ ಹೊಲಕ್ಕೂ ಮನೆಯ ಮೂಲೆಗೂ ಧಾರಾಳವಾಗಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಸರಕಾರವು 1997ರಲ್ಲಿ ನಿಷೇಧಿಸಿತು. ನಿರಪಾಯವೆಂದು ನಂಬಿದ್ದ ವಸ್ತುವು ಮಣ್ಣಿನಲ್ಲಿ, ಹಾಲಿನಲ್ಲಿ, ಧಾನ್ಯದಲ್ಲಿ ಉಳಿಯುತ್ತಿತ್ತು. ಈಗ ಬಳಕೆಯಲ್ಲಿರುವ ಸೈಪರ್‌ಮೆಥ್ರಿನ್ ಮೊದಲಾದವುಗಳು ಮೀನುಗಳಿಗೂ ಜೇನುಹುಳುಗಳಿಗೂ ಘಾತುಕವಾದವು. ಬರೆಯುವ ಖಡುವಿನಂತೆ ಕಾಣುವ ‘ಇರುವೆ ಖಡು’ವಿನಲ್ಲಿಯೂ ಇಂತಹ ವಿಷವೇ ಇರುತ್ತದೆ. ಅಂಬೆಗಾಲಿಡುವ ಮಗು ಅದನ್ನು ಮುಟ್ಟಿ ಕೈಯನ್ನು ಬಾಯಿಗಿಟ್ಟುಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

1. ಮೊದಲು ನೋಡುವುದು. ಸಾಲು ಕಂಡೊಡನೆ ಪೊರಕೆ ಹಿಡಿಯದೆ, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಎರಡು ನಿಮಿಷ ನೋಡಬೇಕು. ಒಂದು ತುದಿಯಲ್ಲಿ ಆಹಾರ, ಇನ್ನೊಂದು ತುದಿಯಲ್ಲಿ ಬಿರುಕು ಅಥವಾ ಹೊಸ್ತಿಲು ಇರುತ್ತದೆ.

2. ಆಹಾರವನ್ನು ತೆಗೆಯುವುದು. ಇರುವೆ ಹತ್ತಿದ ಪದಾರ್ಥವನ್ನು ಪಾತ್ರೆಸಹಿತ ಮೆಲ್ಲನೆ ಎತ್ತಿ ಅಂಗಳದ ನೆರಳಿನಲ್ಲಿ ಮುಚ್ಚಳ ತೆರೆದು ಇಡಬೇಕು. ಸಕ್ಕರೆ, ಹಿಟ್ಟುಗಳನ್ನು ಪರಾತದಲ್ಲಿ ತೆಳುವಾಗಿ ಹರಡಿದರೆ ಕೆಲ ಹೊತ್ತಿನಲ್ಲಿ ಇರುವೆಗಳು ಹೊರಟುಹೋಗುತ್ತವೆ. ಕಡುಬಿಸಿಲಿನಲ್ಲಿ ಇಡಬಾರದು, ಜರಡಿಯಲ್ಲಿ ಆಡಿಸಲೂ ಬಾರದು. ಎರಡರಿಂದಲೂ ಅವು ಸಾಯುತ್ತವೆ.

3. ಉಳಿದವುಗಳನ್ನು ಸ್ಥಳಾಂತರಿಸುವುದು. ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದು ಇದಕ್ಕಾಗಿಯೇ. ಗೃಹಸ್ಥರು ಮೃದುವಾದ ಕುಂಚವನ್ನೋ ಹತ್ತಿಯ ಬಟ್ಟೆಯನ್ನೋ ಬಳಸಿ ಕಾಗದದ ಮೇಲೆ ಸರಿಸಿ, ಹೊರಗೆ ಗಿಡದ ಬುಡದ ನೆರಳಿನಲ್ಲಿ ಬಿಡಬಹುದು. ನೀರು ಸುರಿದು ಬಚ್ಚಲಿಗೆ ತಳ್ಳುವುದು ಬಿಡುಗಡೆಯಲ್ಲ.

4. ಗಂಧದ ಗೆರೆಯನ್ನು ಅಳಿಸುವುದು. ಸಾಲು ಪೂರ್ತಿ ಖಾಲಿಯಾದ ಮೇಲೆ, ಅದು ಹಾದುಹೋದ ದಾರಿಯನ್ನು ಸಾಬೂನಿನ ನೀರು ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಹೆಚ್ಚಿನ ಮನೆಗಳಲ್ಲಿ ಬಿಟ್ಟುಹೋಗುವ ಕೆಲಸ ಇದೇ. ಗೆರೆ ಉಳಿದರೆ ಮರುದಿನ ಅದೇ ದಾರಿಯಲ್ಲಿ ಮತ್ತೆ ಬರುತ್ತವೆ.

5. ಬಿರುಕನ್ನು ಮುಚ್ಚುವುದು. ಇಲ್ಲಿ ವಿಶೇಷ ಎಚ್ಚರ ಬೇಕು. ಬಿರುಕಿನೊಳಗೆ ಗೂಡಿದ್ದರೆ ಮುಚ್ಚುವುದೆಂದರೆ ಜೀವಸಹಿತ ಹುಗಿದಂತೆ. ಬಂಧನ ಮತ್ತು ಅನ್ನಪಾನ ನಿರೋಧಗಳು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಲ್ಪಟ್ಟಿವೆ. ಆದ್ದರಿಂದ ಕೆಲವು ದಿನಗಳ ಕಾಲ ಹೋಗುಬರುವುದು ಸಂಪೂರ್ಣ ನಿಂತಿದೆಯೆಂದು ಖಚಿತವಾದ ಮೇಲೆಯೇ ಸಿಮೆಂಟು ಅಥವಾ ಸುಣ್ಣವನ್ನು ತುಂಬಬೇಕು.

6. ತಡೆಗೆರೆ. ಹೊಸ್ತಿಲು, ಕಿಟಕಿಯ ಅಂಚುಗಳಲ್ಲಿ ಅರಿಷಿಣದ ಪುಡಿ, ಬೂದಿ ಅಥವಾ ಶಾಲೆಯಲ್ಲಿ ಬಳಸುವ ಸಾಮಾನ್ಯ ಖಡುವಿನ ಗೆರೆಯನ್ನು ಎಳೆದರೆ ಸ್ವಲ್ಪ ಕಾಲ ತಡೆಯಾಗುತ್ತದೆ. ತೇವವಾದರೆ ಮತ್ತೆ ಎಳೆಯಬೇಕು. ಸಕ್ಕರೆಯ ಡಬ್ಬಿಯಲ್ಲಿ ನಾಲ್ಕು ಲವಂಗ ಹಾಕುವ ಅಜ್ಜಿಯರ ರೂಢಿಯೂ ಒಳ್ಳೆಯದು. ಎಲ್ಲಕ್ಕಿಂತ ಮಿಗಿಲಾದುದು ಬಿಗಿಯಾದ ಮುಚ್ಚಳ.

7. ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುವ ಪದ್ಧತಿ. ಇದು ಹಳೆಯ ಉಪಾಯವಾದರೂ ಇರುವೆಗಳು ಬಿದ್ದು ಸಾಯುತ್ತವೆ, ನಿಂತ ನೀರಿನಲ್ಲಿ ಸೊಳ್ಳೆಗಳೂ ಹುಟ್ಟುತ್ತವೆ. ಬಟ್ಟಲಿನಲ್ಲಿ ಒಣ ಬೂದಿ ಹಾಕುವುದು ಲೇಸು. ನೀರನ್ನೇ ಇಡಬೇಕಾದರೆ ಪ್ರತಿದಿನ ಸೋಸಿದ ನೀರಿನಿಂದ ಬದಲಿಸಿ, ಬಟ್ಟಲಿನ ಹೊರ ಅಂಚಿನಿಂದ ನೀರಿಗೆ ಒಂದು ಬಟ್ಟೆಯ ಚೂರನ್ನು ಇಳಿಬಿಡಬೇಕು. ಬಿದ್ದದ್ದು ಹತ್ತಿ ಬರಲು ಅದು ಮೆಟ್ಟಿಲಾಗುತ್ತದೆ.

8. ರಾತ್ರಿಭೋಜನ ತ್ಯಾಗ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಬೆಳಕಿರುವಾಗಲೇ ಪಾತ್ರೆ ತೊಳೆದು ನೆಲ ಒರೆಸುವ ಮನೆಯಲ್ಲಿ ರಾತ್ರಿ ಇರುವೆಗಳಿಗೆ ಕೆಲಸವೇ ಇರುವುದಿಲ್ಲ. ಹಿರಿಯರ ನಿಯಮದಲ್ಲಿ ಮನೆಯ ಸ್ವಚ್ಛತೆಯೂ ಅಡಗಿತ್ತು.

ಇರುವೆ ಕಚ್ಚಿದರೆ ಆ ಜಾಗವನ್ನು ತೊಳೆದು ತಣ್ಣೀರಿನ ಬಟ್ಟೆ ಇಟ್ಟರೆ ಸಾಮಾನ್ಯವಾಗಿ ಶಮನವಾಗುತ್ತದೆ. ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

‘ಮನೆಮದ್ದು’ ಎಂಬ ಹೆಸರಿನ ಹಿಂಸೆ

ಪತ್ರಿಕೆಗಳಲ್ಲಿಯೂ ಬಾಯಿಮಾತಿನಲ್ಲಿಯೂ ಹರಡುವ ಎಲ್ಲ ಮನೆಮದ್ದುಗಳೂ ಅಹಿಂಸಕವಲ್ಲ. ಸಕ್ಕರೆಯೊಂದಿಗೆ ಬೋರಿಕ್ ಪುಡಿ ಕಲಸಿಡುವುದೆಂದರೆ ಅನ್ನದಲ್ಲಿ ವಿಷವಿಟ್ಟಂತೆ. ಇರುವೆಯು ಅದನ್ನು ಹೊತ್ತು ತನ್ನ ಮರಿಗಳಿಗೂ ಉಣಿಸುತ್ತದೆ. ಗೂಡಿಗೆ ಕುದಿಯುವ ನೀರು ಸುರಿಯುವುದರ ಬಗ್ಗೆ ಹೇಳಬೇಕಾದುದೇ ಇಲ್ಲ. ಸಾಬೂನಿನ ನೀರನ್ನು ಖಾಲಿ ದಾರಿಯ ಮೇಲೆ ಒರೆಸಿದರೆ ಅದು ಸ್ವಚ್ಛತೆ, ಇರುವೆಯ ಮೈಮೇಲೆ ಎರಚಿದರೆ ಉಸಿರು ಕಟ್ಟಿಸಿ ಕೊಲ್ಲುವುದು. ‘ಸಾವಯವ’, ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ವಸ್ತುವು ಅಹಿಂಸಕವಾಗುವುದಿಲ್ಲ. ಇದನ್ನು ಬಳಸಿದ ಮೇಲೆ ಇರುವೆ ಹೋಗುತ್ತದೆಯೋ ಸಾಯುತ್ತದೆಯೋ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು.

ಇದಕ್ಕೆ ಎದುರಾಗಿ ರಾಜಸ್ಥಾನದ ಬಂಧುಗಳಲ್ಲಿ ‘ಕೀಡೀನಗರ’ಕ್ಕೆ, ಅಂದರೆ ಇರುವೆಯ ಊರಿಗೆ, ಹಿಟ್ಟು ಸಕ್ಕರೆ ಹಾಕುವ ಸುಂದರ ಪದ್ಧತಿಯಿದೆ. ಗೂಡಿನ ಬಳಿಯಲ್ಲಿಯೇ ಆಹಾರ ದೊರೆತರೆ ಅವು ಮನೆಯತ್ತ ಬರುವುದೂ ಕಡಿಮೆಯಾಗಬಹುದು. ಆದರೆ ಹೊಸ್ತಿಲ ಮುಂದೆ ಅಥವಾ ಜನ ನಡೆಯುವ ದಾರಿಯಲ್ಲಿ ಹಾಕಿದರೆ ಕರೆದು ತುಳಿಸಿದಂತಾಗುತ್ತದೆ. ದಯೆಗೂ ವಿವೇಕ ಬೇಕು.

ತೋಟದಲ್ಲಿ

ದಾಳಿಂಬೆ, ದ್ರಾಕ್ಷಿಗಳ ಈ ಸೀಮೆಯಲ್ಲಿ ರೈತ ಬಂಧುಗಳಿಗೆ ಇರುವೆಯ ಚಿಂತೆ ಬೇರೆ ಬಗೆಯದು. ಗಿಡದ ಮೇಲೆ ಇರುವೆ ಕಂಡರೆ ಅದೇ ಗಿಡವನ್ನು ತಿನ್ನುತ್ತಿದೆಯೆಂದು ತಿಳಿಯುವುದು ತಪ್ಪು. ಸಸ್ಯಹೇನು ಮತ್ತು ಹಿಟ್ಟು ತಿಗಣೆಗಳು ಗಿಡದ ರಸ ಹೀರಿ ಸಿಹಿಯಾದ ಅಂಟನ್ನು ಹೊರಬಿಡುತ್ತವೆ. ಇರುವೆಯು ಬರುವುದು ಆ ಸಿಹಿಗಾಗಿ. ಅದಕ್ಕೆ ಪ್ರತಿಯಾಗಿ ಅದು ಆ ಕೀಟಗಳನ್ನು ಅವುಗಳ ಶತ್ರುವಾದ ಗುಲಗಂಜಿ ಹುಳುವಿನಿಂದ ಕಾಯುತ್ತದೆ. ಆದ್ದರಿಂದ ಇರುವೆಯು ಕಾಂಡ ಹತ್ತದಂತೆ ತಡೆದರೆ ಸಾಕು, ಗುಲಗಂಜಿ ಹುಳುಗಳು ತಮ್ಮ ಕೆಲಸವನ್ನು ತಾವು ಮಾಡುತ್ತವೆ.

ಕಾಂಡಕ್ಕೆ ಸುಣ್ಣದ ಪಟ್ಟಿ ಬಳಿಯುವುದು, ನೆಲಕ್ಕೂ ಗೋಡೆಗೂ ತಾಗುವ ರೆಂಬೆಗಳನ್ನು ಸವರುವುದು, ಬುಡದ ಕಳೆಯನ್ನು ತೆಗೆಯುವುದು ಇವು ಕ್ರಮಗಳು. ಅಂಟಿನ ಪಟ್ಟಿ ಕಟ್ಟಿದರೆ ಇರುವೆಗಳು ಅದರಲ್ಲಿ ಸಿಕ್ಕಿ ಸಾಯುವುದರಿಂದ ಅದು ಬೇಡ. ಯೂರಿಯಾ ಅತಿಯಾದರೆ ಎಳೆಯ ಚಿಗುರು ಹೆಚ್ಚಿ ಸಸ್ಯಹೇನನ್ನು ಕರೆಯುತ್ತದೆ, ಆದ್ದರಿಂದ ಗೊಬ್ಬರದಲ್ಲಿಯೂ ಮಿತಿ ಬೇಕು. 2005ರಲ್ಲಿ ಸೊಲ್ಲಾಪುರದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳಲ್ಲಿ ಕಡಿಮೆ ವಿಷದ ಕ್ರಮಗಳನ್ನು ಕೇಳಿ ತಿಳಿಯಬಹುದು. ಕೃಷಿಯಲ್ಲಿ ಉದ್ಯೋಗೀ ಹಿಂಸೆ ಪೂರ್ಣ ತಪ್ಪದು. ತಪ್ಪಿಸಬಹುದಾದದ್ದನ್ನು ತಪ್ಪಿಸುವುದೇ ರೈತ ಶ್ರಾವಕನ ವ್ರತ.

ಹೊಲದ ಇರುವೆಯಿಂದ ಉಪಕಾರವೂ ಉಂಟು. ಗೂಡು ಕೊರೆಯುವಾಗ ಅದು ಮಣ್ಣನ್ನು ಸಡಿಲಗೊಳಿಸುತ್ತದೆ, ಮಳೆಯ ನೀರು ಇಂಗಲು ದಾರಿ ಮಾಡುತ್ತದೆ, ಸತ್ತ ಹುಳುಗಳನ್ನು ಸಾಗಿಸಿ ನೆಲವನ್ನು ಶುಚಿಗೊಳಿಸುತ್ತದೆ. ಮಳೆ ಕಡಿಮೆಯಾದ ಈ ನಾಡಿಗೆ ಅದು ಸಣ್ಣ ಸೇವೆಯಲ್ಲ.

ಅಂಗಡಿಯಲ್ಲಿ

ವ್ಯಾಪಾರವು ಅನೇಕ ಜೈನ ಕುಟುಂಬಗಳ ವೃತ್ತಿ. ಬೆಲ್ಲದ ಪೆಂಟಿ, ಸಕ್ಕರೆಯ ಚೀಲ, ಎಣ್ಣೆಯ ಡಬ್ಬಿಗಳಿರುವ ಕಿರಾಣಿ ಅಂಗಡಿಗೆ ಇರುವೆ ಬರುವುದು ಸಹಜ. ಮಾಲನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡುವುದು, ಹರಿದ ಚೀಲವನ್ನು ಅಂದೇ ಬದಲಿಸುವುದು, ಸೋರುವ ಡಬ್ಬಿಯನ್ನು ಬೇರ್ಪಡಿಸುವುದು, ಅಂಗಡಿ ಮುಚ್ಚುವ ಮುನ್ನ ತಕ್ಕಡಿಯ ಸುತ್ತ ಒರೆಸುವುದು ಇಷ್ಟರಿಂದ ಇರುವೆಯ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಹಾನಿ ಕಡಿಮೆಯಾದಷ್ಟು ಲಾಭವೂ ಹೆಚ್ಚು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಅದೇ ಅಂಗಡಿಯ ಕಪಾಟಿನಲ್ಲಿ ಇರುವೆ ಪುಡಿಯ ಪೊಟ್ಟಣಗಳು ಮಾರಾಟಕ್ಕೆ ಇರಬಹುದೇ? ಶ್ರಾವಕನು ಬಿಡಬೇಕಾದ ವೃತ್ತಿಗಳಲ್ಲಿ ವಿಷವಾಣಿಜ್ಯವನ್ನು ಪೂರ್ವಾಚಾರ್ಯರು ಹೆಸರಿಸಿಯೇ ಹೇಳಿದ್ದಾರೆ. ಗಿರಾಕಿ ಕೇಳುತ್ತಾನೆ, ಇಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು ನಿಜ. ಆ ಪೊಟ್ಟಣದಿಂದ ಬರುವ ಲಾಭ ಎಷ್ಟು, ಅದರೊಂದಿಗೆ ಬರುವ ಭಾರ ಎಷ್ಟು ಎಂಬ ಲೆಕ್ಕವನ್ನು ಪ್ರತಿಯೊಬ್ಬ ವ್ಯಾಪಾರಿಯೂ ದೀಪಾವಳಿಯ ಖಾತೆಪೂಜೆಯ ದಿನ ತಾನೇ ಮಾಡಿಕೊಳ್ಳಬೇಕು.

ಜಿನಮಂದಿರದಲ್ಲಿ, ಉತ್ಸವದ ದಿನಗಳಲ್ಲಿ

ಕೊನೆಯ ಮಾತು ಮಂದಿರದ ಕುರಿತಾದುದು. ಪಂಚಾಮೃತ ಅಭಿಷೇಕದ ಹಾಲು, ತುಪ್ಪ, ಕಬ್ಬಿನ ರಸ, ಎಳನೀರುಗಳು ನೆಲದ ಮೇಲೆ ಚೆಲ್ಲುತ್ತವೆ. ಅರ್ಘ್ಯದ ಅಕ್ಕಿ, ಹಣ್ಣಿನ ಚೂರುಗಳು ಬೀಳುತ್ತವೆ. ಗಂಟೆಯೊಳಗೆ ಇರುವೆಗಳು ಬರುತ್ತವೆ, ದರ್ಶನದ ನೂಕುನುಗ್ಗಲಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತವೆ. ಸಂಜೆ ಸೇವಕನು ಬಂದು ಫಿನೈಲ್ ಸುರಿದು ತೊಳೆಯುತ್ತಾನೆ. ಪುಣ್ಯಾರ್ಜನೆಗೆಂದು ನಡೆದ ಅಭಿಷೇಕವು ತ್ರೀಂದ್ರಿಯ ಜೀವಿಗಳ ಮರಣಕ್ಕೆ ಕಾರಣವಾಗುವುದನ್ನು ಯಾವ ಭಕ್ತನೂ ಬಯಸುವುದಿಲ್ಲ. ಆದರೂ ವರ್ಷವರ್ಷವೂ ಹಾಗೆಯೇ ನಡೆಯುತ್ತಿದೆ.

ಪರಿಹಾರ ಕಷ್ಟವಾದುದಲ್ಲ. ಅಭಿಷೇಕದ ದ್ರವ್ಯವನ್ನು ಮಿತವಾಗಿ ಬಳಸುವುದು, ಪೀಠದ ಸುತ್ತ ಪರಾತಗಳನ್ನಿಟ್ಟು ಹನಿ ನೆಲಕ್ಕೆ ಬೀಳದಂತೆ ನೋಡುವುದು, ಅಭಿಷೇಕ ಮುಗಿದ ಕೂಡಲೇ ಇರುವೆ ಬರುವ ಮೊದಲೇ ಸೋಸಿದ ನೀರಿನಿಂದ ಒರೆಸುವುದು, ಊಟದ ಪಂಕ್ತಿ ಎದ್ದೊಡನೆ ಎಲೆ ತೆಗೆಯುವುದು ಇವಿಷ್ಟೇ ಕೆಲಸಗಳು. ಪ್ರತಿ ಪೂಜೆಗೆ ಇಬ್ಬರು ತರುಣರು ಮೃದು ಕುಂಚ ಮತ್ತು ಒದ್ದೆ ಬಟ್ಟೆ ಹಿಡಿದು ನಿಂತರೆ ಸಾಕು. ಸವಾಲಿನಲ್ಲಿ ಮೊದಲ ಕಲಶ ಪಡೆಯುವುದು ಹೇಗೆ ಪುಣ್ಯವೋ, ಬಾಗಿ ನೆಲ ಒರೆಸುವುದೂ ಹಾಗೆಯೇ ಪುಣ್ಯ. ಅದಕ್ಕೆ ಸವಾಲು ಕೂಗುವ ಅಗತ್ಯವೂ ಇಲ್ಲ.

ಪ್ರತಿಕ್ರಮಣದಲ್ಲಿ ನಡೆಯುವಾಗ ನೊಂದ ಜೀವಿಗಳ ಕ್ಷಮೆ ಕೇಳುವಾಗ ಇರುವೆಯ ಗೂಡುಗಳನ್ನೂ ನೆನೆಯಲಾಗುತ್ತದೆ. ದಶಲಕ್ಷಣ ಪರ್ವದ ನಂತರ ಕ್ಷಮಾವಾಣಿಯ ದಿನ ಸಕಲ ಜೀವಿಗಳಲ್ಲಿ ಕ್ಷಮೆ ಬೇಡಲಾಗುತ್ತದೆ. ಆ ದಿನ ಮನೆಗೆ ಮರಳಿ ಅಡುಗೆಮನೆಯ ಮೂಲೆಯಲ್ಲಿರುವ ಪುಡಿಯ ಡಬ್ಬಿಯನ್ನು ನೋಡಿದಾಗ, ಬೇಡಿದ ಕ್ಷಮೆಗೂ ಇಟ್ಟುಕೊಂಡ ಡಬ್ಬಿಗೂ ಹೊಂದಿಕೆಯಾಗುತ್ತದೆಯೇ ಎಂದು ಪ್ರತಿಯೊಂದು ಕುಟುಂಬವೂ ವಿಚಾರಿಸಬೇಕು. ಈ ವರ್ಷದ ಉತ್ಸವದ ನೆನಪಿಗಾಗಿ ಒಂದು ಮನೆಯಾದರೂ ಅಂತಹ ಡಬ್ಬಿಯನ್ನು ಮತ್ತೆ ಕೊಳ್ಳುವುದಿಲ್ಲವೆಂಬ ನಿಯಮ ತೆಗೆದುಕೊಂಡರೆ ಉತ್ಸವವು ಸಾರ್ಥಕವಾದಂತೆ.

ಜಯ ಜಿನೇಂದ್ರ.